ಮುಚ್ಚುವ ದಿನಕ್ಕೆ ನಾವು ಬರುವುದಿಲ್ಲ

ಮಿಲ್ವಾಕಿ
ಅಕ್ಟೋಬರ್ 6, 1996

ಅಮ್ಮಾ,

ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ದುಡ್ಡು ಓಡ್ತಿದೆ, ಇಡು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಬೈಯಿ.

ಈ ಸಲ ಉದ್ಯಮ ಕಟ್ಟುವುದನ್ನು ಕಲಿಸುವ ತರಗತಿಗೆ ಸೇರಿದ್ದೇನೆ. ಪುಸ್ತಕ ಕಡಿಮೆ. ಆರಾರು ಜನ ಸೇರಿ ಒಂದೊಂದು ಕಂಪನಿ ಮಾಡಬೇಕು, ಬಂಡವಾಳ ವಿಶ್ವವಿದ್ಯಾಲಯದ್ದು, ಮಾರುವುದು ನಿಜವಾದ ಸರಕು, ಕೊಳ್ಳುವವರು ನಿಜವಾದ ಜನ. ತರಗತಿ ಏಪ್ರಿಲ್‌ವರೆಗೆ ನಡೆಯುತ್ತದೆ. ನಮ್ಮ ಗುಂಪಿನ ಅಧ್ಯಕ್ಷ ಟ್ರೆವರ್ ಅಂತ ಒಬ್ಬ. ದನಿ ದಪ್ಪ, ದಿನಾ ಟೈ ಕಟ್ಟುತ್ತಾನೆ, ಅಧ್ಯಕ್ಷನಾಗಲು ಅಷ್ಟು ಸಾಕಾಯಿತು. ಅವನು ಟೀ ಶರ್ಟ್ ಮಾರೋಣ ಅಂದ. ಟೀ ಶರ್ಟ್ ಮಾರುವ ಗುಂಪುಗಳು ಆಗಲೇ ನಾಲ್ಕಿದ್ದವು.

ಮೊನ್ನೆ ಬಸ್ಸಿಗೆ ಕಾಯುವಾಗ ಸರೋವರದ ಕಡೆಯಿಂದ ಗಾಳಿ ಬೀಸಿತು ನೋಡು, ಉಳಿದ ಐದೂ ಜನ ಅಂಗೈಗೆ ಬಿಸಿಯುಸಿರು ಊದಿಕೊಳ್ಳತೊಡಗಿದರು. ನಾನು ಚೀಲದಿಂದ ನೀನು ಹೊಲಿದ ಜಿಂಕೆ ಚರ್ಮದ ಕೈಗವಸು ತೆಗೆದು ಹಾಕಿಕೊಂಡೆ. ಟ್ರೆವರ್ ಒಂದು ನಿಮಿಷ ಕೊಡು ಅಂತ ಇಸಕೊಂಡವನು ಮನೆ ಮುಟ್ಟುವವರೆಗೂ ವಾಪಸ್ ಕೊಡಲಿಲ್ಲ. ಅಲ್ಲಿಗೆ ನಮ್ಮ ಕಂಪನಿ ಏನು ಮಾರಬೇಕೆಂಬುದು ತೀರ್ಮಾನವಾಯಿತು.

ನಮ್ಮೂರಿನ ಕೈಗವಸಿನ ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ನೀವೆಲ್ಲ ಕೊಂಡ ಹೊಲಿಗೆ ಮಷೀನುಗಳು ಇನ್ನೂ ಇವೆಯಲ್ಲ? ನೀನು, ಬರ್ನಿಸ್ ಆಂಟಿ, ಇನ್ನು ಯಾರಿಗೆ ಮನಸ್ಸಿದೆಯೋ ಅವರು ಸೇರಿ ಹೊಲಿದುಕೊಡುತ್ತೀರಾ? ಚರ್ಮ, ಉಣ್ಣೆ ನಾವು ಕಳಿಸುತ್ತೇವೆ. ಡಬ್ಬಿ ಬಸ್ಸಿನಲ್ಲಿ ಬಂದು ಹೋಗುತ್ತದೆ.

ಕಾರ್ಲಾ


ಟ್ಯಾಮರಾಕ್
ಅಕ್ಟೋಬರ್ 14, 1996

ಕಾರ್ಲಾ,

ನಿನ್ನ ಕಾಗದ ಹಿಡಿದುಕೊಂಡು ಅವತ್ತೇ ಬರ್ನಿಸ್ ಮನೆಗೆ ಹೋದೆ. ಕಾರ್ಖಾನೆ ಮುಚ್ಚಿ ಎರಡು ವರ್ಷವಾದರೂ ಆ ಹೆಂಗಸು ಇನ್ನೂ ಯೂನಿಯನ್ ಅಧ್ಯಕ್ಷೆ ಅಂತಲೇ ಓಡಾಡುತ್ತಾಳೆ. ಯಾರೂ ಅವಳನ್ನು ಇಳಿಸಿಲ್ಲವಾದ್ದರಿಂದ ಅದು ತಪ್ಪೂ ಅಲ್ಲ. ಓದಿದವಳೇ ಕನ್ನಡಕ ತೆಗೆದು, "ಇದನ್ನ ಸಭೆಗೆ ಇಡ್ಬೇಕು ಅರ್ಲೀನ್, ಅಡುಗೆಮನೇಲಿ ಮುಗಿಸೋ ಮಾತಲ್ಲ" ಅಂದಳು. ಶುಕ್ರವಾರ ಯೂನಿಯನ್ ಭವನದಲ್ಲಿ ವಾರವಾರದ ಮೀನಿನ ಊಟ ಮುಗಿದ ಮೇಲೆ ಸಭೆ ಸೇರಿತು. ಚರ್ಚೆ ಜೋರಾಗಿಯೇ ಆಯಿತು. ನಿಮ್ಮ ಟ್ರೆವರನ ಟೈ ಬಗ್ಗೆಯೂ ಮಾತು ಬಂತು.

ಕೈ ಎತ್ತಿಸಿ ಮತ ಹಾಕಿಸಿದಳು. ಹೊಲಿಯುವುದು ಅಂತ ಠರಾವಾಯಿತು. ಆದರೆ ನಮ್ಮಮ್ಮ ತಾನೇ, ಸ್ವಲ್ಪ ಕಡಿಮೆಗೆ ಹೊಲಿದುಕೊಡುತ್ತಾಳೆ ಅಂತ ನೀನು ಅಂದುಕೊಂಡಿದ್ದರೆ ಈಗಲೇ ಮರೆತುಬಿಡು. ಕೂಲಿ ಗಂಟೆಯ ಲೆಕ್ಕ, ಜೋಡಿಯ ಲೆಕ್ಕ ಅಲ್ಲ. ಕಾಫಿಗೆ ಬಿಡುವು ಬೇಕು. ಕೆಲಸ ನಿಲ್ಲಿಸುವುದಿದ್ದರೆ ಎರಡು ತಿಂಗಳು ಮೊದಲೇ ನಮಗೆ ನೇರವಾಗಿ ಹೇಳಬೇಕು. ಹಳೆಯ ಕಾರ್ಖಾನೆಯ ಮಾಲೀಕರು ಬಾಗಿಲಿಗೆ ಬೀಗ ಜಡಿದ ಮೇಲೆ ಹೇಳಿದರು, ಅದನ್ನು ನಾವ್ಯಾರೂ ಮರೆತಿಲ್ಲ. ಬರ್ನಿಸ್ ಎಲ್ಲ ಟೈಪ್ ಮಾಡಿಸಿದ್ದಾಳೆ, ನಿಮ್ಮ ಅಧ್ಯಕ್ಷರ ಸಹಿ ಹಾಕಿಸಿ ಕಳಿಸು.

ನನಗೂ ಸದ್ಯ ಬೇರೆ ಕೆಲಸವೇನೂ ಗೊತ್ತಾಗಿಲ್ಲ. ಒಳ್ಳೆಯದೇ ಆಯಿತು.

ಬೆಳಿಗ್ಗೆ ತಿಂಡಿ ಬಿಡಬೇಡ.

ಅಮ್ಮ


ಮಿಲ್ವಾಕಿ
ನವೆಂಬರ್ 17, 1996

ಅಮ್ಮಾ,

ಎರಡನೇ ಡಬ್ಬಿ ಬಂದ ಮಧ್ಯಾಹ್ನವೇ ಖಾಲಿ. ಗ್ರಂಥಾಲಯದ ಮುಂದೆ ಮೇಜು ಹಾಕಿದ್ದೆವು. ಹಿಮ ಬೀಳುತ್ತಿತ್ತು, ಹುಡುಗರು ಕ್ಯೂ ನಿಂತಿದ್ದರು, ಒಂದು ಜೋಡಿ ಮಾರಾಟವಾದಾಗಲೆಲ್ಲ ಟ್ರೆವರ್ ಹಿತ್ತಾಳೆ ಗಂಟೆ ಬಾರಿಸುತ್ತಿದ್ದ. ಗ್ರಂಥಪಾಲಕಿ ಹೊರಗೆ ಬಂದು ಗಂಟೆ ಕಿತ್ತುಕೊಂಡು ಹೋದಳು. ಹೋಗುವಾಗ ಅವಳೂ ಒಂದು ಜೋಡಿ ಕೊಂಡಳು.

ತರಗತಿ ನಡೆಸುವ ಪ್ರೊಫೆಸರ್ ಹ್ಯಾಲೊರನ್ ಬಂದು ಕೈಗೆ ಹಾಕಿ ನೋಡಿದರು. ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಸಂತೋಷಪಡುತ್ತಾರೆ. ನಿಮ್ಮ ಷರತ್ತುಗಳ ಹಾಳೆ ನೋಡಿದಾಗಂತೂ ಅವರ ಸಂತೋಷ ಹೇಳತೀರದು. ಇಡೀ ತರಗತಿಗೆ ನಕಲು ಹಂಚಿದರು. ಟ್ರೆವರ್ ನಗುತ್ತಾ ಸಹಿ ಹಾಕಿದ. ಅವನು ನಕ್ಕದ್ದು ನಿಮ್ಮನ್ನು ನೋಡಿ ಅಲ್ಲ, ಅವನು ಹಾಗೆಯೇ. ಸಹಿಯಾದ ಹಾಳೆ ಈ ಡಬ್ಬಿಯ ತಳದಲ್ಲಿದೆ.

ಹೊಲಿಗೆಯ ಜವಾಬ್ದಾರಿ ನನಗೆ ಕೊಟ್ಟಿದ್ದಾರೆ. ಯಾರಾದರೂ ಎಲ್ಲಿ ಮಾಡಿಸುತ್ತೀರಿ ಅಂತ ಕೇಳಿದರೆ ಹೆಮ್ಮೆಯಿಂದ ನಮ್ಮೂರಿನ ಹೆಸರು ಹೇಳುತ್ತೇನೆ. ಎರಡು ವರ್ಷದಿಂದ ಆ ಹೆಸರು ಹೇಳಿದರೆ ಜನ "ಅಯ್ಯೋ ಪಾಪ" ಅನ್ನುತ್ತಿದ್ದರು.

ಇನ್ನಷ್ಟು ಜನ ಸಿಗುತ್ತಾರಾ? ಕ್ರಿಸ್‌ಮಸ್ ಹತ್ತಿರ ಬರುತ್ತಿದೆ. ಆಮೇಲಿನದನ್ನು ಆಮೇಲೆ ನೋಡೋಣ.

ಕಾರ್ಲಾ


ಟ್ಯಾಮರಾಕ್
ಡಿಸೆಂಬರ್ 15, 1996

ಕಾರ್ಲಾ,

ಈಗ ನಾವು ಹನ್ನೆರಡು ಜನ. ಮನೆಮನೆಯಲ್ಲಿ ಹೊಲಿಯುವುದು ಬೇಡ ಅಂತ ಮಷೀನುಗಳನ್ನೆಲ್ಲ ಯೂನಿಯನ್ ಭವನಕ್ಕೆ ತಂದಿದ್ದೇವೆ. ಅರ್ಮಾ ರೌಟಿಯೊ ತನ್ನ ಗಂಡನ ಹಿಮ ತಳ್ಳುವ ಗಾಡಿಯಲ್ಲಿ ಮಷೀನು ಹೇರಿಕೊಂಡು ಬಂದಳು, ಊರೆಲ್ಲ ನಿಂತು ನೋಡಿತು. ನಮ್ಮ ಹಳೇ ಬಾವುಟ ಹೊರತೆಗೆದು ಒಗೆದು ತೂಗುಹಾಕಿದ್ದೇವೆ. ಮಧ್ಯಾಹ್ನದ ಊಟ ಸರದಿಯ ಮೇಲೆ. ನೆನ್ನೆ ಬರ್ನಿಸ್ ಸರದಿ, ಅವಳ ಟ್ಯೂನಾ ಮೀನಿನ ನೂಡಲ್ಸ್ ತಿಂದು ಯಾರೂ ಸತ್ತಿಲ್ಲ.

ನಿನಗೆ ಒಂದು ಮಾತು ಹೇಳುತ್ತೇನೆ, ನಗಬೇಡ. ಎರಡು ವರ್ಷ ನನಗೆ ಸಂಜೆ ದಣಿವಾಗಿರಲಿಲ್ಲ. ಟಿವಿ ಮುಂದೆ ಕೂತು ಕೂತು ಸೊಂಟ ನೋಯುತ್ತಿತ್ತು, ಅದು ಬೇರೆ. ಈಗ ಸಂಜೆ ಮನೆಗೆ ಬಂದು ಬೂಟು ಬಿಚ್ಚುವಾಗ ದಣಿದಿರುತ್ತೇನೆ. ಎಷ್ಟು ಸುಖ ಗೊತ್ತಾ.

ನಮ್ಮ ಯೋಚನೆ ಬೇಸಿಗೆಯದು. ಬೇಸಿಗೆಯಲ್ಲಿ ಕೈ ಬೆಚ್ಚಗಿಡುವ ಸರಕು ಯಾರಿಗೆ ಬೇಕು? ತೋಟದ ಕೆಲಸಕ್ಕೆ ತೆಳು ಚರ್ಮದ ಗವಸು ಮಾಡಬಹುದು. ಎರಡು ಮಾದರಿ ಈ ಡಬ್ಬಿಯಲ್ಲಿಟ್ಟಿದ್ದೇನೆ. ಟ್ರೆವರನಿಗೆ ತೋರಿಸು. ಮೇ ತಿಂಗಳಿಂದ ಶುರು ಮಾಡಿದರೆ ಸರಿಹೋಗುತ್ತದೆ. ಬೇಗ ಉತ್ತರ ಬರೆ, ಚರ್ಮ ತರಿಸಬೇಕು.

ಅಮ್ಮ


ಮಿಲ್ವಾಕಿ
ಜನವರಿ 26, 1997

ಅಮ್ಮಾ,

ತಡವಾಯಿತು. ಕ್ರಿಸ್‌ಮಸ್‌ಗೆ ಬಂದಾಗ ಎಲ್ಲ ಮಾತಾಡಿದೆವಲ್ಲ, ಬರೆಯಲು ವಿಶೇಷವೇನೂ ಇರಲಿಲ್ಲ.

ಇಲ್ಲಿ ವಿಪರೀತ ಚಳಿ. ಪಟ್ಟಣದ ಎರಡು ಅಂಗಡಿಯವರು ನಮ್ಮ ಸರಕು ಇಟ್ಟುಕೊಂಡಿದ್ದಾರೆ. ತೋಟದ ಗವಸು ಚೆನ್ನಾಗಿದೆ. ಟ್ರೆವರ್ ಯೋಚನೆ ಮಾಡುತ್ತಾನಂತೆ. ಚರ್ಮ ಈಗಲೇ ತರಿಸಬೇಡ.

ನನಗೆ ಓದುವುದು ಬಹಳ ಇದೆ.

ಕಾರ್ಲಾ


ಟ್ಯಾಮರಾಕ್
ಫೆಬ್ರವರಿ 24, 1997

ಕಾರ್ಲಾ,

ನಿಮ್ಮ ಪ್ರೊಫೆಸರು ನಮಗೆಲ್ಲ ಆಮಂತ್ರಣ ಕಳಿಸಿದ್ದಾರೆ. ದಪ್ಪ ಕಾಗದ, ಚಿನ್ನದ ಅಂಚು. ಏಪ್ರಿಲ್ ಹದಿನೆಂಟನೇ ತಾರೀಕು "ಮುಚ್ಚುವ ದಿನ"ವಂತೆ. ಪ್ರತಿವರ್ಷ ಅವತ್ತು ವಿದ್ಯಾರ್ಥಿಗಳ ಕಂಪನಿಗಳನ್ನೆಲ್ಲ ವೇದಿಕೆಯ ಮೇಲೆ ವಿಧಿಪೂರ್ವಕ ಮುಚ್ಚುತ್ತಾರಂತೆ, ಲಾಭ ದಾನಕ್ಕೆ ಹೋಗುತ್ತದಂತೆ, ಕೇಕು ಇರುತ್ತದಂತೆ. "ನಮ್ಮ ವಿದ್ಯಾರ್ಥಿಗಳ ಪ್ರಯೋಗಕ್ಕೆ ನೆರವಾದ ಟ್ಯಾಮರಾಕ್‌ನ ಸ್ವಯಂಸೇವಕಿಯರು" ಬಂದರೆ ಮೊದಲ ಸಾಲಿನಲ್ಲಿ ಕೂರಿಸುತ್ತಾರಂತೆ.

ಬರ್ನಿಸ್ ಅದನ್ನು ಮಷೀನುಗಳ ನಡುವೆ ನಿಂತು ಗಟ್ಟಿಯಾಗಿ ಓದಿದಳು. ಒಂದೊಂದೇ ಮಷೀನು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು ಕಾರ್ಲಾ. ಗೊತ್ತಿದ್ದೂ ಹೇಳಲಿಲ್ಲವೇನೋ ಅನ್ನುವ ಹಾಗೆ ನೋಡಿದರು. ಇಪ್ಪತ್ತಾರು ವರ್ಷ ಜೊತೆಗೆ ಕೂತು ಹೊಲಿದವರು.

ನೀನು ಬರೆದಿದ್ದೆ, ತರಗತಿ ಏಪ್ರಿಲ್‌ವರೆಗೆ ಅಂತ. ನಿನ್ನ ತರಗತಿ ಯಾವಾಗ ಮುಗಿದರೆ ನಮಗೇನು? ತರಗತಿ ಮುಗಿಯುತ್ತದೆ, ಕಂಪನಿ ಇರುತ್ತದೆ ಅಂತ ತಾನೇ ಯಾರಾದರೂ ತಿಳಿಯುವುದು? ಮಾರಲು ಶುರು ಮಾಡಿದ್ದನ್ನು, ಜನ ಕ್ಯೂ ನಿಂತು ಕೊಳ್ಳುವುದನ್ನು, ಯಾವ ತಲೆಕೆಟ್ಟವನು ಕೇಕು ಕತ್ತರಿಸಿ ಮುಚ್ಚುತ್ತಾನೆ? ನಷ್ಟವಾಗಿ ಮುಚ್ಚಿದ ಕಾರ್ಖಾನೆ ನೋಡಿದ್ದೆ. ಅಂಕಕ್ಕಾಗಿ ಮುಚ್ಚುವುದನ್ನು ಈಗ ನೋಡುತ್ತಿದ್ದೇನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಕ್ಟೋಬರಿನಲ್ಲಿ ನನಗೆ ಬೇರೆ ಕೆಲಸ ಗೊತ್ತಾಗಿಲ್ಲ ಅಂತ ಬರೆದಿದ್ದೆ. ಅದು ಸುಳ್ಳು. ವೃದ್ಧಾಶ್ರಮದ ಬಟ್ಟೆ ಒಗೆಯುವ ವಿಭಾಗದಲ್ಲಿ ಕರೆದಿದ್ದರು, ಕಾಯಂ ಕೆಲಸ. ಮಗಳ ಕಂಪನಿ ಇದೆ, ಬರುವುದಿಲ್ಲ ಅಂದೆ. ಈಗ ಅಲ್ಲಿ ಬೇರೆಯವರಿದ್ದಾರೆ.

ಕೆಲಸ ನಿಲ್ಲಿಸುವುದಿದ್ದರೆ ಎರಡು ತಿಂಗಳು ಮೊದಲು ನೇರವಾಗಿ ಹೇಳುತ್ತೇವೆ ಅಂತ ನಿಮ್ಮ ಟ್ರೆವರ್ ಸಹಿ ಹಾಕಿದ್ದಾನೆ. ನಗುತ್ತಾ ಹಾಕಿದರೂ ಸಹಿ ಸಹಿಯೇ. ಮುಚ್ಚುವ ದಿನಕ್ಕೆ ಇನ್ನು ಎರಡು ತಿಂಗಳೂ ಇಲ್ಲ, ನೀವ್ಯಾರೂ ಬಾಯಿಬಿಟ್ಟಿಲ್ಲ. ನಾಳೆಯಿಂದ ಮುಷ್ಕರ. ಒಂದು ಹೆಬ್ಬೆರಳಿನಷ್ಟು ಗವಸೂ ಇಲ್ಲಿಂದ ಹೊರಡುವುದಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನನ್ನ ಸಿಟ್ಟು ಇಳಿದುಹೋಗುತ್ತದೆ. ಇದು ಇಳಿಯಬೇಕಾದ ಸಿಟ್ಟಲ್ಲ.

ಅರ್ಲೀನ್ ಪೆಲ್ಟೊಲಾ


ಮಿಲ್ವಾಕಿ
ಮಾರ್ಚ್ 2, 1997

ಅಮ್ಮಾ,

ನನಗೆ ಗೊತ್ತಿತ್ತು. ಮೊದಲ ದಿನವೇ ಹೇಳಿದ್ದರು. ಏಪ್ರಿಲ್‌ವರೆಗೆ ಅಂತ ಬರೆದು, ಹೇಳಿದ ಹಾಗೂ ಆಯಿತು ಅಂತ ನನ್ನನ್ನು ನಾನೇ ನಂಬಿಸಿಕೊಂಡೆ. ದಣಿವು ಸುಖ ಅಂತ ನೀನು ಬರೆದ ಮೇಲಂತೂ ಹೇಳಲು ಬಾಯಿ ಬರಲಿಲ್ಲ. ಕ್ರಿಸ್‌ಮಸ್‌ನಲ್ಲಿ ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ಸೇಬಿನ ಪೈ ತಿಂದೆ.

ಮುಷ್ಕರದ ಸುದ್ದಿ ತರಗತಿಗೆ ಬಂದಾಗ ಟ್ರೆವರನ ಮುಖ ಬಿಳಿಚಿಕೊಂಡಿತು. ಪ್ರೊಫೆಸರಿಗೆ ಮಾತ್ರ ಹಬ್ಬ. "ಇಂಥ ಪಾಠ ದುಡ್ಡು ಕೊಟ್ರೂ ಸಿಗಲ್ಲ" ಅಂದರು. ಬರ್ನಿಸ್ ಆಂಟಿಯನ್ನು ಕರೆಸಿ ಟ್ರೆವರನ ಎದುರು ಕೂರಿಸಿ ಮಾತುಕತೆ ನಡೆಸಬೇಕಂತೆ, ವಿಡಿಯೊ ಮಾಡಿ ಮುಂದಿನ ವರ್ಷದವರಿಗೆ ತೋರಿಸಬೇಕಂತೆ. ಬಸ್ಸಿನ ಖರ್ಚು ಕೊಡುತ್ತಾರಂತೆ. ಕೇಳಬೇಕೆಂದು ಹೇಳಿದ್ದಾರೆ, ಕೇಳಿದ್ದೇನೆ.

ಆಮೇಲೆ ನಾನೊಬ್ಬಳೇ ಅವರ ಕೋಣೆಗೆ ಹೋದೆ. ಕಂಪನಿಯನ್ನು ಮುಂದುವರಿಸಲು ಬಿಡಿ ಅಂದೆ. ಅವರು ಸಿಟ್ಟಾಗಲಿಲ್ಲ, ಚಹಾ ಕೊಟ್ಟರು. ಹೆಸರು, ಬಂಡವಾಳ ಎಲ್ಲ ವಿಶ್ವವಿದ್ಯಾಲಯದ್ದು, ತರಗತಿಯ ಆಚೆಗೆ ಅದು ಬದುಕುವ ಹಾಗಿಲ್ಲ ಅಂದರು. "ಚೆನ್ನಾಗಿ ಮುಚ್ಚೋದನ್ನೂ ಕಲೀಬೇಕು ಕಾರ್ಲಾ. ಹೊಸಬರು ಅಂಟ್ಕೊಂಡ್ಬಿಡ್ತಾರೆ, ಅದೇ ದೊಡ್ಡ ತಪ್ಪು." ನನಗೆ ಮೈ ಉರಿಯಿತು. ಅಂಟಿಕೊಂಡಿದ್ದು ನಾನಲ್ಲ ಸರ್, ನಮ್ಮೂರಿನ ಹನ್ನೆರಡು ಜನ ಅಂದೆ. ಅದನ್ನೂ ವರದಿಯಲ್ಲಿ ಬರೆ, ಒಳ್ಳೆಯ ಅಂಶ ಅಂದರು.

ಮುಚ್ಚುವ ದಿನ ಆರೂ ಜನ ವೇದಿಕೆಯ ಮೇಲೆ ಸಹಿ ಹಾಕಬೇಕು. ಹಾಕದವರು ಫೇಲು. ನಾನು ಹಾಕುವುದಿಲ್ಲ. ಮೇ ತಿಂಗಳಲ್ಲಿ ಪದವಿ ಬರದಿದ್ದರೆ ಬೇಡ.

ಕಾರ್ಲಾ


ಟ್ಯಾಮರಾಕ್
ಮಾರ್ಚ್ 10, 1997

ಕಾರ್ಲಾ,

ನಿಮ್ಮ ಪ್ರೊಫೆಸರಿಗೆ ಬರ್ನಿಸ್ ಹೇಳಿದ್ದು ಇಷ್ಟು: "ನಾವು ಪಾಠ ಅಲ್ಲ. ಮುಚ್ಚೋ ದಿನಕ್ಕೆ ಬರಲ್ಲ, ಕೇಕು ನೀವೇ ತಿನ್ನಿ." ಹೀಗೆಯೇ ಬರೆ ಅಂದಳು, ಬರೆದಿದ್ದೇನೆ.

ಇನ್ನು ನೀನು. ಸಹಿ ಹಾಕು. ನಾಲ್ಕು ವರ್ಷ ಓದಿ ಕೊನೆಯ ತಿಂಗಳಲ್ಲಿ ನಮ್ಮ ಹೆಸರಲ್ಲಿ ಫೇಲಾಗುವ ತ್ಯಾಗ ನಮಗೆ ಬೇಡ. ನಿನ್ನ ಕಂಪನಿ ಉಳಿಸು ಅಂತ ನಾವು ಕೇಳಲಿಲ್ಲ. ಬಾಯಿಬಿಟ್ಟು ಹೇಳು ಅಂತ ಕೇಳಿದ್ದೆವು, ಅಷ್ಟೇ. ಅದು ನಿನ್ನಿಂದ ಆಗಲಿಲ್ಲ. ಈಗ ನಮ್ಮ ವಿಷಯಕ್ಕೆ ಬರಬೇಡ. ಉಳಿದ ಚರ್ಮವನ್ನು ಬಸ್ಸಿಗೆ ಹಾಕಿದ್ದೇವೆ. ನಮ್ಮ ಕಡೆಯಿಂದ ಡಬ್ಬಿ ಬರುವುದು ಇದೇ ಕೊನೆ.

ಕ್ರಿಸ್‌ಮಸ್‌ಗೆ ಬಂದಾಗ ಇದ್ದ ಕೆಮ್ಮು ಹೋಯಿತಾ? ಹೋಗಿಲ್ಲದಿದ್ದರೆ ಡಾಕ್ಟರಿಗೆ ತೋರಿಸು.

ಅಮ್ಮ


ಮಿಲ್ವಾಕಿ
ಏಪ್ರಿಲ್ 19, 1997

ಅಮ್ಮಾ,

ನಮ್ಮ ವಿಷಯಕ್ಕೆ ಬರಬೇಡ ಅಂದೆ. ನೀನು ನನ್ನನ್ನು ಬಿಟ್ಟೇಬಿಟ್ಟೆ ಅಂತ ಒಂದು ತಿಂಗಳು ಅಂದುಕೊಂಡೆ. ಕೆಮ್ಮಿನ ಸಾಲನ್ನು ಮತ್ತೆ ಮತ್ತೆ ಓದಿಕೊಂಡೆ. ಬಿಟ್ಟಿದ್ದರೂ ನೆನ್ನೆ ನಡೆದದ್ದನ್ನು ಹೇಳಲೇಬೇಕು, ಈ ಸಲ ಬೇರೆಯವರಿಂದ ನಿನಗೆ ತಿಳಿಯಬಾರದು.

ದೊಡ್ಡ ಸಭಾಂಗಣ. ಪಟ್ಟಣದ ವ್ಯಾಪಾರಸ್ಥರು, ಪೋಷಕರು, ಹಳೆಯ ವಿದ್ಯಾರ್ಥಿಗಳು. ಒಂದೊಂದು ಗುಂಪೂ ವೇದಿಕೆಗೆ ಹೋಗಿ ತಾನು ಕಲಿತದ್ದನ್ನು ಹೇಳುವುದು, ಸಹಿ ಹಾಕುವುದು, ಜನ ಚಪ್ಪಾಳೆ ತಟ್ಟುವುದು. ಟೀ ಶರ್ಟಿನ ನಾಲ್ಕೂ ಕಂಪನಿಗಳು ಸಂತೋಷವಾಗಿ ಸತ್ತವು. ನಮ್ಮ ಸರದಿ ಬಂದಾಗ ಟ್ರೆವರ್ ಲಾಭದ ಗ್ರಾಫ್ ತೋರಿಸಿದ, "ಕಾರ್ಮಿಕರ ಕಡೆಯಿಂದ ಬಂದ ಸವಾಲು" ಅಂತ ಒಂದು ಮಾತು ಸೇರಿಸಿದ. ಐದು ಜನ ಸಹಿ ಹಾಕಿದರು. ಪೆನ್ನು ನನ್ನ ಕೈಗೆ ಬಂತು.

ನಾನು ಮೈಕಿನ ಹತ್ತಿರ ಹೋಗಿ ನಿಮ್ಮ ಹನ್ನೆರಡೂ ಜನರ ಹೆಸರು ಹೇಳಿದೆ. ಬರ್ನಿಸ್ ಲಫೇವ್, ಅರ್ಮಾ ರೌಟಿಯೊ ಅಂತ ಒಂದೊಂದಾಗಿ. ಕೊನೆಯಲ್ಲಿ ನಿನ್ನದು. ಇವರು ಸ್ವಯಂಸೇವಕಿಯರಲ್ಲ, ಇವರ ಜೊತೆ ನಾವು ಒಪ್ಪಂದ ಮಾಡಿಕೊಂಡಿದ್ದೆವು, ಅದನ್ನು ಮುರಿದೆವು, ಮುರಿದವರಲ್ಲಿ ಮೊದಲನೆಯವಳು ನಾನು ಅಂದೆ. ಪ್ರೊಫೆಸರ್ ಮೆಲ್ಲಗೆ ಪಕ್ಕಕ್ಕೆ ಬಂದರು.

"ಕಾರ್ಲಾ, ಇದು ವರದೀಲಿ ಬರೀಬೋದಲ್ಲ. ಈಗ ಸಹಿ ಹಾಕು, ಚೆನ್ನಾಗಿ ಮುಗಿಸೋಣ."

"ಇದು ಮುಗಿಸೋದಲ್ಲ ಸರ್, ಬಿಟ್ಟು ಓಡೋದು. ನಮ್ಮೂರಿನ ಕಾರ್ಖಾನೆಯೋರೂ ಹೀಗೇ ಓಡಿದ್ರು. ಅವರು ಕೇಕು ಕೊಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ."

ಸಭೆಯಲ್ಲಿ ಯಾರೋ ನಕ್ಕರು. ನಮ್ಮ ಗವಸು ಯಾರ ಹತ್ತಿರ ಇದೆ ಅಂತ ಕೇಳಿದೆ. ಹೊರಗೆ ಇನ್ನೂ ಹಿಮಗಾಳಿ, ಬಹಳ ಜನ ಕೋಟಿನ ಜೇಬಿನಿಂದ ತೆಗೆದು ಕೈ ಎತ್ತಿದರು. ಹೊಲಿದವರಿಗೆ ಹೊಲಿಯಲು ಇನ್ನೂ ಬರುತ್ತದೆ, ಬೇಕಾದವರು ನೇರವಾಗಿ ಬರೆಯಿರಿ ಅಂತ ಯೂನಿಯನ್ ಭವನದ ವಿಳಾಸ ಎರಡು ಸಲ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ, ಗೊತ್ತು. ಪೆನ್ನು ಮೇಜಿನ ಮೇಲಿಟ್ಟು ಇಳಿದುಬಂದೆ.

ಫೇಲಾಗಿದ್ದೇನೆ. ಇನ್ನೊಂದು ತರಗತಿ ತೆಗೆದುಕೊಂಡು ಡಿಸೆಂಬರಿಗೆ ಮುಗಿಸಬೇಕು. ಸಂಕಟ ಇಲ್ಲ ಅಂದರೆ ಸುಳ್ಳಾಗುತ್ತದೆ, ರಾತ್ರಿ ಚೆನ್ನಾಗಿ ಅತ್ತೆ. ನೀನು ಸಹಿ ಹಾಕು ಅಂದಿದ್ದೆ, ಹಾಕಲಿಲ್ಲ. ನಿಮಗೋಸ್ಕರ ಅಂತಲೂ ಅಲ್ಲ ಅಮ್ಮಾ, ನನ್ನ ಕೈ ಬರಲಿಲ್ಲ.

ಬೇಸಿಗೆಗೆ ಊರಿಗೆ ಬರಬಹುದಾ? ಭವನದಲ್ಲಿ ಕಸ ಗುಡಿಸುವ ಕೆಲಸ ಇದ್ದರೂ ಸರಿ. ಬೇಡ ಅಂದರೆ ಇಲ್ಲೇ ಏನಾದರೂ ನೋಡಿಕೊಳ್ಳುತ್ತೇನೆ.

ಕಾರ್ಲಾ


ಟ್ಯಾಮರಾಕ್
ಏಪ್ರಿಲ್ 28, 1997

ಕಾರ್ಲಾ,

ನಿನ್ನ ಕಾಗದಕ್ಕಿಂತ ಮೊದಲೇ ಮಿಲ್ವಾಕಿಯಿಂದ ಕಾಗದಗಳು ಬಂದವು. ಒಬ್ಬ ಅಂಗಡಿಯವನು, ಒಬ್ಬಳು ಗ್ರಂಥಪಾಲಕಿ, ಹೆಸರು ಓದಲಾಗದ ಕೆಟ್ಟ ಅಕ್ಷರದ ಹುಡುಗರು. ಇವರಿಗೆಲ್ಲ ನಮ್ಮ ವಿಳಾಸ ಎಲ್ಲಿ ಸಿಕ್ಕಿತು ಅಂತ ಬರ್ನಿಸ್ ತಲೆ ಕೆರೆದುಕೊಂಡಳು. ಆಮೇಲೆ ನಿನ್ನದು ಬಂತು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮುಷ್ಕರದ ಮೂರನೇ ದಿನ ಅರ್ಮಾ ಕೇಳಿದಳು, "ಅಲ್ಲ, ಮಷೀನು ನಮ್ದು, ಭವನ ನಮ್ದು, ಕೈ ನಮ್ದು. ನಾವು ಯಾರ ವಿರುದ್ಧ ಮುಷ್ಕರ ಮಾಡ್ತಿದೀವಿ?" ಇಷ್ಟು ವರ್ಷ ಮಾಲೀಕ ಅಂತ ಒಬ್ಬ ಇರಲೇಬೇಕು ಅಂದುಕೊಂಡವರು ನಾವು. ಕಾರ್ಖಾನೆ ಹೋದ ಮೇಲೆ ಜಗಳಕ್ಕೆ ಯಾರೂ ಸಿಗದೆ, ನಿಮ್ಮ ಟೈ ಕಟ್ಟಿದ ಹುಡುಗನನ್ನು ಹಿಡಿದು ಮಾಲೀಕನ ಕುರ್ಚಿಯಲ್ಲಿ ಕೂರಿಸಿದ್ದೆವು. ಅವತ್ತೇ ಮತಕ್ಕೆ ಹಾಕಿ ನಮ್ಮದೇ ಸಹಕಾರ ಸಂಘ ಶುರು ಮಾಡಿದೆವು. ಮಾರ್ಚಿನಿಂದ ಹೊಲಿಯುತ್ತಿದ್ದೇವೆ. ತೋಟದ ಗವಸಿಗೆ ಸುತ್ತಲಿನ ಊರುಗಳಲ್ಲಿ ಗಿರಾಕಿಗಳಿದ್ದಾರೆ. ಷರತ್ತುಗಳ ಹಾಳೆಯನ್ನು ಬರ್ನಿಸ್ ನಮಗೆ ನಾವೇ ಕೊಟ್ಟುಕೊಂಡ ಹಾಗೆ ತಿದ್ದಿ ಬರೆಸಿದ್ದಾಳೆ. ಕಾಫಿಯ ಬಿಡುವನ್ನು ಉದ್ದ ಮಾಡಿದ್ದಾಳೆ.

ನಿನಗೆ ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ನೀನು ಓಡಿಬಂದು, ಇದೂ ನಾನೇ ಮಾಡಿದ್ದು ಅಂದುಕೊಳ್ಳುತ್ತಿದ್ದೆ. ಇದು ನೀನು ಮಾಡಿದ್ದಲ್ಲ. ಇದನ್ನು ಮುಚ್ಚಲು ನಿಮ್ಮ ಪ್ರೊಫೆಸರಿಗೂ ಆಗುವುದಿಲ್ಲ.

ನಿನ್ನ ಕಾಗದವನ್ನು ಶುಕ್ರವಾರ ಸಭೆಯಲ್ಲಿ ಓದಿದೆ. ಹೆಸರುಗಳನ್ನು ಹೇಳಿದ ಜಾಗಕ್ಕೆ ಬಂದಾಗ ಬರ್ನಿಸ್ ಕನ್ನಡಕ ಒರೆಸಿಕೊಂಡಳು, ಮೀನು ಕರಿದ ಎಣ್ಣೆಯ ಹೊಗೆ ಅಂದಳು. ಬೇಸಿಗೆಯಲ್ಲಿ ಹೊರಗಿನ ಊರುಗಳಿಗೆ ಹೋಗಿ ಮಾರಲು ನಮಗೆ ಒಬ್ಬರು ಬೇಕು. ನಿನ್ನನ್ನು ಕ್ಷಮಿಸಿ ಆ ಕೆಲಸಕ್ಕೆ ತೆಗೆದುಕೊಳ್ಳಬೇಕೇ ಅಂತ ಮತಕ್ಕೆ ಹಾಕಿದರು. ಡಿಸೆಂಬರಿಗೆ ಪದವಿ ಮುಗಿಸಲೇಬೇಕು ಅನ್ನುವ ಷರತ್ತು ನಾನು ಸೇರಿಸಿದೆ, ಅದನ್ನು ಎಲ್ಲರೂ ಒಪ್ಪಿದರು.

ಪರವಾಗಿ ಹನ್ನೊಂದು, ವಿರೋಧ ಒಂದು. ಆ ಒಂದು ನನ್ನದು. ಅವರೆಲ್ಲ ನನ್ನ ಮುಖ ನೋಡಿದ ಆ ಬೆಳಿಗ್ಗೆ ಇನ್ನೂ ನನ್ನ ಎದೆಯಲ್ಲಿದೆ ಕಾರ್ಲಾ, ಅದಕ್ಕೆ ಕೈ ಎತ್ತಲು ಆಗಲಿಲ್ಲ.

ಆದರೆ ಯೂನಿಯನ್ನಿನಲ್ಲಿ ಸೋತವರೂ ಬಹುಮತ ಹೇಳಿದ ಹಾಗೆ ನಡೆಯಬೇಕು. ಶನಿವಾರದ ಬಸ್ಸಿಗೆ ಬಾ. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಅಮ್ಮ